ಚಾರ್ಜ್‌ಶೀಟ್‌ಗೂ ಮೊದಲೇ ಹೆಸರು: ಹೇಳೋದು ಯಾವಾಗ ಸರಿ, ಯಾವಾಗ ತಪ್ಪು?

2012ರ ಆಗಸ್ಟ್ 29. ಬೆಂಗಳೂರು ಮತ್ತು ಹುಬ್ಬಳ್ಳಿಯಲ್ಲಿ ಪೊಲೀಸರು ಹಲವು ಯುವಕರನ್ನು ಬಂಧಿಸಿದರು. ಪತ್ರಕರ್ತರು ಹಾಗೂ ಹಿಂದೂ ಸಂಘಟನೆಗಳ ನಾಯಕರನ್ನು ಕೊಲ್ಲಲು ಸಂಚು ಮಾಡಿದ್ದರು ಅನ್ನೋದು ಆರೋಪ. ಬಂಧಿತರಲ್ಲಿ ಒಬ್ಬರು ಬೆಂಗಳೂರಿನ ಇಂಗ್ಲಿಷ್ ದಿನಪತ್ರಿಕೆಯೊಂದರ ಯುವ ವರದಿಗಾರ, ಮುತಿ-ಉರ್-ರೆಹಮಾನ್ ಸಿದ್ದೀಕಿ. ಆಮೇಲೆ ಕೆಲವು ದಿನ ಟಿವಿಯಲ್ಲಿ, ಪತ್ರಿಕೆಗಳಲ್ಲಿ ಅವರದ್ದೇ ಹೆಸರು. ಸಂಚಿನ 'ಮಾಸ್ಟರ್‌ಮೈಂಡ್' ಅಂತಲೂ ಬಂತು. ನಿನ್ನೆಯವರೆಗೆ ಜೊತೆಯಲ್ಲಿ ಸುದ್ದಿ ಮಾಡುತ್ತಿದ್ದ ವೃತ್ತಿಬಾಂಧವರೇ ಇವತ್ತು ಅವರ ಬಗ್ಗೆ ಸುದ್ದಿ ಬರೆಯುತ್ತಿದ್ದರು.

ಆರು ತಿಂಗಳ ನಂತರ, 2013ರ ಫೆಬ್ರವರಿಯಲ್ಲಿ, ರಾಷ್ಟ್ರೀಯ ತನಿಖಾ ದಳ (ಎನ್ಐಎ) ಆರೋಪ ಪಟ್ಟಿ ಸಲ್ಲಿಸಿತು. ಅದರಲ್ಲಿ ಸಿದ್ದೀಕಿ ಅವರ ಹೆಸರು ಇರಲಿಲ್ಲ. ಅವರ ವಿರುದ್ಧ ಮುಂದುವರಿಯುವಷ್ಟು ಸಾಕ್ಷ್ಯ ಇರಲಿಲ್ಲ. ಅವರು ಜೈಲಿನಿಂದ ಹೊರಬಂದರು. ಅದೇ ಪ್ರಕರಣದ ಬೇರೆ ಹಲವು ಆರೋಪಿಗಳು ಮುಂದೆ ತಪ್ಪೊಪ್ಪಿಕೊಂಡು ಶಿಕ್ಷೆಗೆ ಒಳಗಾದರು. ಅಂದರೆ ಇಡೀ ಕೇಸೇ ಕಟ್ಟುಕತೆ ಅಂತ ಹೇಳೋಕೆ ಬರಲ್ಲ. ಆದರೆ 'ಮಾಸ್ಟರ್‌ಮೈಂಡ್' ಅಂತ ಕರೆಸಿಕೊಂಡ ವ್ಯಕ್ತಿಯ ಮೇಲೆ ಕೊನೆಗೆ ಆರೋಪವೇ ಹೊರಿಸಲಿಲ್ಲ ಅನ್ನೋದೂ ಅಷ್ಟೇ ನಿಜ.

ಅವರ ಹೆಸರನ್ನು ಇಲ್ಲಿ ಬಳಸಿದ್ದಕ್ಕೆ ಕಾರಣ ಇದೆ. ಬಿಡುಗಡೆಯಾದ ಮೇಲೆ ಅವರೇ ಸಾರ್ವಜನಿಕವಾಗಿ ಮಾತಾಡಿದರು, ಮಾಧ್ಯಮದ ನಡವಳಿಕೆಯನ್ನು ಹೆಸರಿಟ್ಟುಕೊಂಡೇ ಪ್ರಶ್ನೆ ಮಾಡಿದರು.

ಒಬ್ಬರ ಮೇಲೆ ಅಧಿಕೃತವಾಗಿ ಆರೋಪ ಹೊರಿಸುವ ಮೊದಲು ಅವರ ಹೆಸರು, ಫೋಟೊ, ಊರು, ಧರ್ಮ, ಕುಟುಂಬ ಎಲ್ಲವನ್ನೂ ಜಗತ್ತಿನ ಮುಂದೆ ಇಡುವ ಹಕ್ಕು ಯಾರಿಗಿದೆ? 'ಜನರಿಗೆ ತಿಳಿಯುವ ಹಕ್ಕಿದೆ' ಅನ್ನೋದು ಒಂದು ಉತ್ತರ. 'ಆರೋಪ ಸಾಬೀತಾಗುವವರೆಗೆ ನಿರಪರಾಧಿ' ಅನ್ನೋದು ಇನ್ನೊಂದು. ನಮ್ಮಲ್ಲಿ ಬಹುತೇಕರು ಎರಡನ್ನೂ ಹೇಳ್ತೀವಿ. ಸಿಕ್ಕಿಬಿದ್ದವರು ಯಾರು ಅನ್ನೋದನ್ನು ನೋಡಿಕೊಂಡು ಯಾವುದು ಬೇಕೋ ಅದನ್ನು ಹೇಳ್ತೀವಿ, ಅಷ್ಟೇ.

ಮೊದಲು ಮೆಟ್ಟಿಲುಗಳನ್ನು ಅರ್ಥ ಮಾಡಿಕೊಳ್ಳೋಣ

'ಕೇಸ್ ಆಗಿದೆ' ಅನ್ನೋ ಒಂದೇ ಮಾತಿನಲ್ಲಿ ನಾವು ಐದಾರು ಬೇರೆ ಬೇರೆ ಹಂತಗಳನ್ನು ತುರುಕಿಬಿಡ್ತೀವಿ.

ಮೊದಲನೆಯದು ಎಫ್ಐಆರ್. ಇದು ಅಪರಾಧ ನಡೆದಿದೆ ಅಂತ ಪೊಲೀಸರಿಗೆ ಬಂದ ಮೊದಲ ಮಾಹಿತಿಯ ದಾಖಲೆ ಮಾತ್ರ. ದೂರು ಕೊಟ್ಟವರು ಯಾರ ಹೆಸರು ಹೇಳುತ್ತಾರೋ ಅದು ಅಲ್ಲಿ ಬರುತ್ತದೆ. ಎರಡನೆಯದು ತನಿಖೆ ಮತ್ತು ಬಂಧನ. ಬಂಧನಕ್ಕೆ ಬೇಕಿರುವುದು ಸಮಂಜಸವಾದ ಅನುಮಾನ, ಸಾಬೀತು ಅಲ್ಲ. ಮೂರನೆಯದು ಆರೋಪ ಪಟ್ಟಿ, ಅಂದರೆ ಚಾರ್ಜ್‌ಶೀಟ್. ಬಂಧಿತರು ಜೈಲಿನಲ್ಲಿದ್ದರೆ ಸಾಮಾನ್ಯವಾಗಿ 60 ಅಥವಾ 90 ದಿನದೊಳಗೆ ಇದನ್ನು ಸಲ್ಲಿಸಬೇಕು, ಇಲ್ಲದಿದ್ದರೆ ಜಾಮೀನು ಹಕ್ಕಾಗುತ್ತದೆ. ಯುಎಪಿಎ ಪ್ರಕರಣಗಳಲ್ಲಿ ನ್ಯಾಯಾಲಯದ ಅನುಮತಿ ಪಡೆದು 180 ದಿನದವರೆಗೆ ಎಳೆಯಬಹುದು. ಸಾಕ್ಷ್ಯ ಸಿಗದಿದ್ದರೆ ಪೊಲೀಸರು 'ಬಿ ರಿಪೋರ್ಟ್' ಹಾಕುತ್ತಾರೆ. ನಾಲ್ಕನೆಯದು ನ್ಯಾಯಾಧೀಶರು ಆರೋಪ ಪಟ್ಟಿ ನೋಡಿ ಆರೋಪ ನಿಗದಿ ಮಾಡುವುದು. ಐದನೆಯದು ವಿಚಾರಣೆ. ಆಮೇಲೆ ತೀರ್ಪು.

ಸುದ್ದಿ ಜೋರಾಗಿ ಇರುವುದು ಯಾವಾಗ ಅಂತ ಗಮನಿಸಿ. ಮೊದಲ ಎರಡು ಮೆಟ್ಟಿಲಲ್ಲಿ. ಆರೋಪ ಪಟ್ಟಿ ಬರುವ ಹೊತ್ತಿಗೆ ಸುದ್ದಿ ಒಳಪುಟಕ್ಕೆ ಹೋಗಿರುತ್ತದೆ. ಬಿ ರಿಪೋರ್ಟ್ ಆದರೆ ಒಂದೇ ಕಾಲಂ. ಖುಲಾಸೆ ಆಗುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ, ಆಗ ಆ ಹೆಸರು ಯಾರದ್ದು ಅಂತಲೇ ಓದುಗರಿಗೆ ನೆನಪಿರಲ್ಲ. ಸಾಕ್ಷ್ಯ ಅತ್ಯಂತ ಕಡಿಮೆ ಇರುವ ಹೊತ್ತಿನಲ್ಲೇ ಶಬ್ದ ಅತ್ಯಂತ ಹೆಚ್ಚು.

ಕಾನೂನು ಏನು ಹೇಳುತ್ತೆ?

ಭಾರತದಲ್ಲಿ ವಯಸ್ಕ ಆರೋಪಿಯೊಬ್ಬರ ಹೆಸರನ್ನು ಆರೋಪ ಪಟ್ಟಿಗೆ ಮೊದಲು ಪ್ರಕಟಿಸಬಾರದು ಅನ್ನುವ ಸಾಮಾನ್ಯ ನಿಷೇಧ ಇಲ್ಲ. ಕೆಲವರಿಗೆ ಮಾತ್ರ ರಕ್ಷಣೆ ಇದೆ. ಲೈಂಗಿಕ ದೌರ್ಜನ್ಯದ ಸಂತ್ರಸ್ತರ ಗುರುತನ್ನು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಕಾನೂನಿನ ಜೊತೆ ಸಂಘರ್ಷಕ್ಕೆ ಬಂದ ಮಕ್ಕಳ ಗುರುತನ್ನು ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಕಾಪಾಡುತ್ತದೆ.

ಇನ್ನೊಂದು ಕಡೆ, ಎಫ್ಐಆರ್ ಅನ್ನೋದೇ ಇವತ್ತು ಬಹುಮಟ್ಟಿಗೆ ಸಾರ್ವಜನಿಕ ದಾಖಲೆ. 2016ರಲ್ಲಿ ಸುಪ್ರೀಂ ಕೋರ್ಟ್, ಎಫ್ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು ಅಂತ ಆದೇಶಿಸಿತು. ಲೈಂಗಿಕ ಅಪರಾಧ, ಭಯೋತ್ಪಾದನೆ, ಪೋಕ್ಸೊದಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಕೊಟ್ಟಿತು. ಆ ಆದೇಶ ಮಾಧ್ಯಮಕ್ಕಾಗಿ ಬಂದದ್ದಲ್ಲ. ತನ್ನ ಮೇಲೆ ಏನು ಕೇಸ್ ಇದೆ ಅನ್ನೋದು ಆರೋಪಿಗೆ ಗೊತ್ತಾಗಬೇಕು ಅಂತ ಬಂದದ್ದು.

ನ್ಯಾಯಾಂಗ ನಿಂದನೆ ಕಾಯ್ದೆ 1971 ವಿಚಾರಣೆಯ ಮೇಲೆ ಪ್ರಭಾವ ಬೀರುವ ಪ್ರಕಟಣೆಗಳನ್ನು ತಡೆಯುತ್ತದೆ. ಆದರೆ ಅದರಲ್ಲಿ ಒಂದು ತೂತು ಇದೆ. ಪ್ರಕರಣವು ನ್ಯಾಯಾಲಯದಲ್ಲಿ 'ಬಾಕಿ ಇದೆ' ಅಂತ ಆ ಕಾಯ್ದೆ ಲೆಕ್ಕ ಹಾಕುವುದು ಆರೋಪ ಪಟ್ಟಿ ಸಲ್ಲಿಕೆಯಾದ ಮೇಲೆ, ಅಥವಾ ನ್ಯಾಯಾಲಯ ಸಮನ್ಸ್, ವಾರಂಟ್ ಹೊರಡಿಸಿದ ಮೇಲೆ. ಅಂದರೆ ಬಂಧನದಿಂದ ಆರೋಪ ಪಟ್ಟಿಯವರೆಗಿನ ಅವಧಿಗೆ ಕಾಯ್ದೆಯ ಈ ರಕ್ಷಣೆ ಸರಿಯಾಗಿ ಸಿಗಲ್ಲ. ಕಾನೂನು ಆಯೋಗ 2006ರಲ್ಲೇ ತನ್ನ 200ನೇ ವರದಿಯಲ್ಲಿ ಇದನ್ನು ಗುರುತಿಸಿ, ಬಂಧನದ ದಿನದಿಂದಲೇ ಲೆಕ್ಕ ಹಾಕಬೇಕು ಅಂತ ಶಿಫಾರಸು ಮಾಡಿತ್ತು. ಕಾಯ್ದೆ ಬದಲಾಗಲಿಲ್ಲ.

ಮುಂದೆ, ನಟ ಸುಶಾಂತ್ ಸಿಂಗ್ ರಜಪೂತ್ ಸಾವಿನ ಸುದ್ದಿಗಳ ಅಬ್ಬರದ ನಂತರ, 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಮಾಧ್ಯಮ ವಿಚಾರಣೆಯ ಬಗ್ಗೆ ದೀರ್ಘ ತೀರ್ಪು ಕೊಟ್ಟಿತು. ತನಿಖೆ ನಡೆಯುವಾಗ ಮಾಡಬಾರದ ಕೆಲಸಗಳನ್ನು ಪಟ್ಟಿ ಮಾಡಿತು. ಆರೋಪಿಯ ಚಾರಿತ್ರ್ಯದ ಚರ್ಚೆ, ಸಾಕ್ಷಿಗಳ ಸಂದರ್ಶನ, ಆರೋಪಿಯ ಫೋಟೊ ಹಾಕಿ ಗುರುತಿಗೆ ದಾರಿ ಮಾಡಿಕೊಡುವುದು, ಅಪರಾಧಿ ಯಾರು ಅಂತ ತೀರ್ಪು ಕೊಡುವುದು ಇವೆಲ್ಲ ಅದರಲ್ಲಿವೆ.

ಫೋಟೊ ಬಗ್ಗೆ ಯಾಕೆ ಇಷ್ಟು ಎಚ್ಚರ? ತನಿಖೆಯಲ್ಲಿ ಗುರುತು ಪತ್ತೆ ಪರೇಡ್ ಅಂತ ಒಂದಿದೆ. ಹಲವರ ನಡುವೆ ಆರೋಪಿಯನ್ನು ನಿಲ್ಲಿಸಿ, ಸಾಕ್ಷಿಗೆ 'ಇವರಲ್ಲಿ ಯಾರು?' ಅಂತ ಕೇಳುತ್ತಾರೆ. ಸಾಕ್ಷಿ ಅದಕ್ಕೂ ಮೊದಲೇ ಟಿವಿಯಲ್ಲಿ ಆ ಮುಖವನ್ನು ಹತ್ತು ಸಲ ನೋಡಿದ್ದರೆ ಆ ಪರೇಡಿಗೆ ಬೆಲೆ ಉಳಿಯಲ್ಲ. ಆರೋಪಿಯ ವಕೀಲರು ಇದನ್ನೇ ಹಿಡಿದು ವಾದಿಸುತ್ತಾರೆ. ಅಂದರೆ ಅವಸರದ ಫೋಟೊ ನಿರಪರಾಧಿಯ ಮಾನವನ್ನೂ ಕಳೆಯಬಹುದು, ನಿಜವಾದ ಅಪರಾಧಿ ತಪ್ಪಿಸಿಕೊಳ್ಳೋಕೂ ದಾರಿ ಮಾಡಿಕೊಡಬಹುದು. ಸಂತ್ರಸ್ತರ ಪರ ಅಂತ ಹೇಳಿಕೊಂಡು ಫೋಟೊ ಹಂಚುವವರು ಇದನ್ನು ಗಮನಿಸಬೇಕು.

'ಮೂಲಗಳು' ಅಂದರೆ ಯಾರು?

ಆರೋಪಿಯ ಹೆಸರು ಸುದ್ದಿಮನೆಗೆ ತಾನಾಗಿ ನಡೆದುಕೊಂಡು ಬರಲ್ಲ. ಯಾರೋ ಕೊಡುತ್ತಾರೆ. ಈ ಹಂತದಲ್ಲಿ ಕೊಡುವವರು ಬಹುತೇಕ ಪೊಲೀಸರು ಅಥವಾ ತನಿಖಾ ಸಂಸ್ಥೆಯವರು. ಆದರೆ ಸುದ್ದಿಯಲ್ಲಿ ಅವರ ಹೆಸರು ಇರಲ್ಲ. 'ಮೂಲಗಳು ತಿಳಿಸಿವೆ' ಅಂತ ಇರುತ್ತದೆ. ಆರೋಪಿಗೆ ಮುಖ, ವಿಳಾಸ, ಜಾತಕ ಎಲ್ಲ ಇರುತ್ತೆ. ಆರೋಪ ಮಾಡಿದವರಿಗೆ ಮುಖವೇ ಇರಲ್ಲ.

2021ರ ಫೆಬ್ರವರಿ ನೆನಪಿಸಿಕೊಳ್ಳಿ. ರೈತ ಹೋರಾಟದ 'ಟೂಲ್‌ಕಿಟ್' ಪ್ರಕರಣದಲ್ಲಿ ಬೆಂಗಳೂರಿನ 22 ವರ್ಷದ ಪರಿಸರ ಕಾರ್ಯಕರ್ತೆ ದಿಶಾ ರವಿ ಅವರನ್ನು ದೆಹಲಿ ಪೊಲೀಸರು ಬಂಧಿಸಿದರು. ಕೆಲವೇ ದಿನಗಳಲ್ಲಿ ಅವರ ಖಾಸಗಿ ವಾಟ್ಸ್ಆ್ಯಪ್ ಚಾಟ್‌ಗಳದ್ದು ಎನ್ನಲಾದ ಸಾಲುಗಳು ಚಾನೆಲ್‌ಗಳಲ್ಲಿ ಓಡಿದವು. ತನಿಖಾ ಮಾಹಿತಿ ಸೋರಿಕೆಯಾಗುತ್ತಿದೆ ಅಂತ ಅವರು ದೆಹಲಿ ಹೈಕೋರ್ಟಿಗೆ ಹೋದರು. ತಾವು ಸೋರಿಕೆ ಮಾಡಿಲ್ಲ ಅಂದರು ಪೊಲೀಸರು. ಸಂಯಮದಿಂದ ವರ್ತಿಸಿ ಅಂತ ಹೈಕೋರ್ಟ್ ಮಾಧ್ಯಮಗಳಿಗೆ ಹೇಳಿತು. ಫೆಬ್ರವರಿ 23ರಂದು ದೆಹಲಿಯ ನ್ಯಾಯಾಲಯ ಅವರಿಗೆ ಜಾಮೀನು ಕೊಟ್ಟಿತು, ಸಾಕ್ಷ್ಯ ಅಲ್ಪ ಮತ್ತು ಅಪೂರ್ಣ ಅಂತ ಹೇಳಿಯೇ ಕೊಟ್ಟಿತು. ಆದರೆ ಬಂಧನದಿಂದ ಜಾಮೀನಿನವರೆಗಿನ ಹತ್ತು ದಿನದಲ್ಲಿ ಸ್ಟುಡಿಯೊಗಳು ತಮ್ಮ ತೀರ್ಪು ಕೊಟ್ಟು ಮುಗಿಸಿದ್ದವು.

ರಿಯಾ ಚಕ್ರವರ್ತಿ ಪ್ರಕರಣವೂ ಹಾಗೆಯೇ. 2020ರ ಬೇಸಿಗೆಯಿಂದ ತಿಂಗಳುಗಟ್ಟಲೆ ಆಕೆಯನ್ನು ಒಂದು ಸಾವಿಗೆ ಹೊಣೆ ಮಾಡಿದ ಕಾರ್ಯಕ್ರಮಗಳು ನಡೆದವು. ಡ್ರಗ್ಸ್ ಸಂಬಂಧದ ಬೇರೆ ಪ್ರಕರಣದಲ್ಲಿ ಸುಮಾರು ಒಂದು ತಿಂಗಳು ಜೈಲಿನಲ್ಲಿದ್ದರು. ಸಾವಿನ ತನಿಖೆ ಮಾಡಿದ ಸಿಬಿಐ 2025ರ ಮಾರ್ಚ್‌ನಲ್ಲಿ ಮುಕ್ತಾಯ ವರದಿ ಸಲ್ಲಿಸಿತು. ನಡುವೆ ನಾಲ್ಕೂವರೆ ವರ್ಷ. ಆ ಮುಕ್ತಾಯ ವರದಿಯ ಬಗ್ಗೆ ಎಷ್ಟು ಪ್ಯಾನೆಲ್ ಚರ್ಚೆ ನೋಡಿದಿರಿ?

ಆರ್ಯನ್ ಖಾನ್ 2021ರ ಅಕ್ಟೋಬರ್‌ನಲ್ಲಿ ಬಂಧನಕ್ಕೊಳಗಾದರು. 2022ರ ಮೇನಲ್ಲಿ ಬಂದ ಆರೋಪ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಅವರಪ್ಪನಿಗೆ ದೇಶದ ದೊಡ್ಡ ವಕೀಲರನ್ನು ನಿಲ್ಲಿಸುವ ಶಕ್ತಿ ಇತ್ತು. ಕಲಬುರಗಿಯಲ್ಲೋ ಮಂಡ್ಯದಲ್ಲೋ ಅನುಮಾನದ ಮೇಲೆ ಠಾಣೆಗೆ ಹೋದ ಕೂಲಿಕಾರ್ಮಿಕನ ಮಗನಿಗೆ ಅದು ಇರಲ್ಲ. ಅವನ ಬಗ್ಗೆ ಬಂದ ಸುದ್ದಿಗೆ ತಿದ್ದುಪಡಿ ಕೇಳೋಕೂ ಯಾರೂ ಇರಲ್ಲ.

ಪೊಲೀಸರು ಮಾಧ್ಯಮಕ್ಕೆ ಮಾಹಿತಿ ಕೊಡುವುದಕ್ಕೆ ನಿಯಮ ಬೇಕು ಅನ್ನೋದನ್ನು ಸುಪ್ರೀಂ ಕೋರ್ಟ್ ಕೂಡ ಒಪ್ಪಿದೆ. 2023ರ ಸೆಪ್ಟೆಂಬರ್‌ನಲ್ಲಿ ಇಂಥ ಕೈಪಿಡಿ ರೂಪಿಸುವಂತೆ ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿತ್ತು. ಪಕ್ಷಪಾತದ ವರದಿಗಾರಿಕೆ ಆರೋಪಿಯೇ ಅಪರಾಧಿ ಅನ್ನುವ ಅನುಮಾನ ಹುಟ್ಟಿಸುತ್ತದೆ ಅನ್ನೋದು ಆಗ ನ್ಯಾಯಪೀಠದ ಕಾಳಜಿಯಾಗಿತ್ತು.

ಮೂಡಿಗೆರೆಯ ವೈದ್ಯ, ಬ್ರಿಸ್ಬೇನಿನ ಜೈಲು

ಹಾಗಾದರೆ ಬಂಧಿತರ ಬಗ್ಗೆ ಮಾಧ್ಯಮ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸರಿಹೋಗುತ್ತಾ? ಕರ್ನಾಟಕದ್ದೇ ಆದ ಒಂದು ಪ್ರಕರಣ ಇದಕ್ಕೆ ಉತ್ತರ ಕೊಡುತ್ತದೆ.

ಡಾ. ಮೊಹಮ್ಮದ್ ಹನೀಫ್ ಮೂಡಿಗೆರೆ ಮೂಲದವರು, ಬೆಂಗಳೂರಿನಲ್ಲಿ ಮನೆ. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ವೈದ್ಯರಾಗಿದ್ದರು. 2007ರ ಜೂನ್ 30ರಂದು ಬ್ರಿಟನ್ನಿನ ಗ್ಲಾಸ್ಗೊ ವಿಮಾನ ನಿಲ್ದಾಣಕ್ಕೆ ಉರಿಯುತ್ತಿದ್ದ ಜೀಪ್ ನುಗ್ಗಿಸಿದ ದಾಳಿ ನಡೆಯಿತು. ಆ ಪ್ರಕರಣದಲ್ಲಿ ಹೆಸರು ಬಂದವರು ಹನೀಫ್ ಅವರ ದೂರದ ಸಂಬಂಧಿಗಳು. ಜುಲೈ 2ರಂದು, ಆಗಷ್ಟೇ ಹುಟ್ಟಿದ್ದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟಿದ್ದ ಹನೀಫ್ ಅವರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಿದರು. ಆರೋಪ ಹೊರಿಸದೆ ಹನ್ನೆರಡು ದಿನ ಇಟ್ಟುಕೊಂಡರು. ಬ್ರಿಟನ್ ಬಿಡುವಾಗ ಸಂಬಂಧಿಗೆ ಕೊಟ್ಟು ಬಂದಿದ್ದ ಸಿಮ್ ಕಾರ್ಡೇ ಮುಖ್ಯ ಆಧಾರ.

ಆ ಸಿಮ್ ಗ್ಲಾಸ್ಗೊದ ಉರಿದ ಜೀಪಿನಲ್ಲಿ ಸಿಕ್ಕಿತು ಅಂತ ನ್ಯಾಯಾಲಯಕ್ಕೆ ಹೇಳಲಾಯಿತು. ಅದು ಸುಳ್ಳಾಗಿತ್ತು. ಸಿಮ್ ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ, ದಾಳಿಯಲ್ಲಿ ಭಾಗವಹಿಸದ ಇನ್ನೊಬ್ಬ ಸಂಬಂಧಿಯ ಬಳಿ. ಇದನ್ನು ಬಯಲಿಗೆ ತಂದದ್ದು ಅಲ್ಲಿನ ಪತ್ರಕರ್ತರು. ಅದೇ ವಾರ ಹನೀಫ್ ಅವರ ವಕೀಲ ಸ್ಟೀಫನ್ ಕೀಮ್ ಪೊಲೀಸ್ ವಿಚಾರಣೆಯ ಪೂರ್ತಿ ಲಿಖಿತ ಪ್ರತಿಯನ್ನು ಪತ್ರಿಕೆಯೊಂದಕ್ಕೆ ಕೊಟ್ಟರು, ಅದೂ ತಮ್ಮ ಹೆಸರು ಮುಚ್ಚಿಡದೆ. ಅಲ್ಲಿಯವರೆಗೆ ಸೋರಿಕೆಯಾಗಿದ್ದ ತುಣುಕುಗಳಿಗೂ ಪೂರ್ತಿ ಮಾತುಕತೆಗೂ ಎಷ್ಟು ವ್ಯತ್ಯಾಸ ಇದೆ ಅಂತ ಜನ ನೋಡಿದರು. ಜುಲೈ 27ರಂದು ಆರೋಪ ಕೈಬಿಟ್ಟರು. 2008ರ ಕೊನೆಯಲ್ಲಿ ಬಂದ ಕ್ಲಾರ್ಕ್ ಆಯೋಗದ ವರದಿ, ಅವರ ವಿರುದ್ಧ ಆರೋಪ ಹೊರಿಸಲೇಬಾರದಿತ್ತು ಅನ್ನುವ ನಿಲುವಿಗೆ ಬಂತು. 2010ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಪರಿಹಾರ ಕೊಟ್ಟಿತು.

ಇಲ್ಲಿ ಹನೀಫ್ ಅವರ ಹೆಸರು ಹಾಳಾಗಿದ್ದೂ ಮಾಧ್ಯಮದಿಂದ, ಉಳಿದಿದ್ದೂ ಮಾಧ್ಯಮದಿಂದ. ಹೆಸರು ಹಾಕಿದ್ದು ಎರಡೂ ಕಡೆ ಒಂದೇ. ಒಂದು ಬಗೆಯ ಸುದ್ದಿ ಅಧಿಕಾರಿಗಳು ಹೇಳಿದ್ದನ್ನು ಹಾಗೆಯೇ ದಾಟಿಸಿತು. ಇನ್ನೊಂದು ಅಧಿಕಾರಿಗಳ ಮಾತನ್ನೇ ಪರೀಕ್ಷೆಗೆ ಒಡ್ಡಿತು.

'ಹೆಸರೇ ಬೇಡ' ಅಂದರೆ ಏನಾಗುತ್ತೆ?

ಬ್ರಿಟನ್ನಿನ ನ್ಯಾಯಾಲಯಗಳು ಇನ್ನೊಂದು ದಾರಿ ಹಿಡಿದಿವೆ. ಗಾಯಕ ಕ್ಲಿಫ್ ರಿಚರ್ಡ್ ಮನೆಯ ಮೇಲೆ 2014ರಲ್ಲಿ ಪೊಲೀಸರು ನಡೆಸಿದ ಶೋಧವನ್ನು ಬಿಬಿಸಿ ಹೆಲಿಕಾಪ್ಟರಿನಿಂದ ತೋರಿಸಿತು. ಅವರ ಬಂಧನವೂ ಆಗಲಿಲ್ಲ, ಆರೋಪವೂ ಬರಲಿಲ್ಲ. 2018ರಲ್ಲಿ ಹೈಕೋರ್ಟ್ ಅವರಿಗೆ 2,10,000 ಪೌಂಡ್ ಪರಿಹಾರ ಕೊಡಿಸಿತು. 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ, ಆರೋಪ ಹೊರಿಸುವ ಮೊದಲು ತನಿಖೆ ಎದುರಿಸುತ್ತಿರುವವರಿಗೆ ಆ ಮಾಹಿತಿ ಖಾಸಗಿಯಾಗಿ ಇರುತ್ತದೆ ಅಂತ ನಿರೀಕ್ಷಿಸುವ ಹಕ್ಕು ಸಾಮಾನ್ಯವಾಗಿ ಇರುತ್ತದೆ ಅಂತ ಹೇಳಿತು. ನಿರಪರಾಧಿಗಳಿಗೆ ಒಳ್ಳೆಯ ಸುದ್ದಿ. ಆದರೆ ಅದೇ ಪ್ರಕರಣದಲ್ಲಿ ರಕ್ಷಣೆ ಸಿಕ್ಕಿದ್ದು ದೊಡ್ಡ ಕಂಪನಿಯೊಂದರ ಉನ್ನತ ಅಧಿಕಾರಿಗೆ. ದುಡ್ಡಿದ್ದವರು ಈ ಗುರಾಣಿ ಹಿಡಿದು ತನಿಖಾ ವರದಿಗಳನ್ನೇ ತಡೆಯುತ್ತಾರೆ ಅನ್ನೋದು ಅಲ್ಲಿನ ಪತ್ರಕರ್ತರ ಆತಂಕ.

ಆ ನಿಯಮವನ್ನು ಹಾಗೆಯೇ ಇಲ್ಲಿಗೆ ತಂದರೆ ತೊಂದರೆ ಇನ್ನೂ ಹೆಚ್ಚು. ಮೂರು ಕಾರಣ ಇವೆ.

ಮೊದಲನೆಯದು, ನಮ್ಮಲ್ಲಿ ಬಂಧನ ಬಹಿರಂಗವಾಗುವುದೇ ಬಂಧಿತರಿಗೆ ರಕ್ಷಣೆ. ಕಸ್ಟಡಿ ಸಾವುಗಳ ಹಿನ್ನೆಲೆಯಲ್ಲಿ 1996ರ ಡಿ.ಕೆ. ಬಸು ತೀರ್ಪು, ಬಂಧನದ ಮಾಹಿತಿ ಮನೆಯವರಿಗೆ ಹೋಗಬೇಕು, ಕಂಟ್ರೋಲ್ ರೂಮಿನ ಫಲಕದಲ್ಲಿ ಕಾಣಬೇಕು ಅಂತ ಹೇಳಿದ್ದು ಇದಕ್ಕೇ. ಯಾರನ್ನು ಎತ್ತಿಕೊಂಡು ಹೋದರು ಅಂತ ಹೊರಗೆ ಗೊತ್ತಾಗದಿದ್ದರೆ ಒಳಗೆ ಏನು ಬೇಕಾದರೂ ಆಗಬಹುದು. ಹೋರಾಟಗಾರರೊಬ್ಬರ ಬಂಧನವಾದ ತಕ್ಷಣ ಅವರ ಗೆಳೆಯರು ಹೆಸರನ್ನು ಎಲ್ಲ ಕಡೆ ಹಾಕುವುದು ಈ ಭಯದಿಂದಲೇ.

ಎರಡನೆಯದು, ಅಧಿಕಾರದಲ್ಲಿ ಇರುವವರು. 2024ರ ಸೆಪ್ಟೆಂಬರ್‌ನಲ್ಲಿ ಮುಡಾ ಪ್ರಕರಣದಲ್ಲಿ ಲೋಕಾಯುಕ್ತ ಪೊಲೀಸರು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಮೇಲೆ ಎಫ್ಐಆರ್ ಹಾಕಿದರು. ಅದನ್ನು ಹೆಸರಿಲ್ಲದೆ ಬರೆಯಬೇಕಿತ್ತು ಅಂತ ಅವರ ಕಟ್ಟಾ ಬೆಂಬಲಿಗರೂ ಹೇಳಲ್ಲ. 2025ರ ಫೆಬ್ರವರಿಯಲ್ಲಿ ಸಾಕ್ಷ್ಯ ಇಲ್ಲ ಅಂತ ಲೋಕಾಯುಕ್ತ ಪೊಲೀಸರು ಹೇಳಿದಾಗ ಅದನ್ನೂ ಅಷ್ಟೇ ದೊಡ್ಡದಾಗಿ ಬರೆಯಬೇಕಿತ್ತು. ಸಾರ್ವಜನಿಕ ಹುದ್ದೆಯಲ್ಲಿ ಕೂತವರ ಮೇಲಿನ ತನಿಖೆ ಸಾರ್ವಜನಿಕ ವಿಷಯ.

ಮೂರನೆಯದು, ಒಂದು ಹೆಸರು ಹೊರಬಂದರೆ ಮಾತ್ರ ಬಾಯಿ ಬಿಡಲು ಧೈರ್ಯ ಬರುವ ಸಂತ್ರಸ್ತರು ಇರುತ್ತಾರೆ. ಪ್ರಜ್ವಲ್ ರೇವಣ್ಣ ಪ್ರಕರಣದಲ್ಲಿ 2024ರ ಏಪ್ರಿಲ್ ಕೊನೆಯಲ್ಲಿ ಹೊಳೆನರಸೀಪುರದಲ್ಲಿ ಮೊದಲ ಎಫ್ಐಆರ್ ಆಯಿತು. ಆಗ ಅವರು ಹಾಲಿ ಸಂಸದ, ದೇಶ ಬಿಟ್ಟು ಹೋಗಿದ್ದರು. ಹೆಸರು ಹೇಳದೆ ಇದ್ದಿದ್ದರೆ ಆ ಮನೆತನದ ವಿರುದ್ಧ ಮನೆಕೆಲಸದ ಮಹಿಳೆಯೊಬ್ಬರ ದೂರು ಎಷ್ಟು ದೂರ ಹೋಗುತ್ತಿತ್ತು? ವಿಶೇಷ ತನಿಖಾ ತಂಡ ಸಂತ್ರಸ್ತರಿಗಾಗಿ ಸಹಾಯವಾಣಿ ತೆರೆಯಿತು. 2025ರ ಆಗಸ್ಟ್‌ನಲ್ಲಿ ವಿಚಾರಣಾ ನ್ಯಾಯಾಲಯ ಒಂದು ಪ್ರಕರಣದಲ್ಲಿ ಅವರನ್ನು ಅಪರಾಧಿ ಅಂತ ತೀರ್ಮಾನಿಸಿ ಜೀವಾವಧಿ ಶಿಕ್ಷೆ ಕೊಟ್ಟಿತು.

ಆದರೆ ಅದೇ ಹಾಸನದಲ್ಲಿ ಚುನಾವಣೆಗೆ ಮೊದಲು ಪೆನ್‌ಡ್ರೈವ್‌ಗಳು ಬೀದಿಗೆ ಬಿದ್ದವು. ಮಹಿಳೆಯರ ಮುಖಗಳು ಮೊಬೈಲಿನಿಂದ ಮೊಬೈಲಿಗೆ ಹೋದವು. ಹೇಳಬೇಕಿದ್ದ ಹೆಸರು ಒಂದೇ. ಬಯಲಾಗಿದ್ದು ಮಾತ್ರ ಮುಚ್ಚಿಡಲೇಬೇಕಿದ್ದ ಗುರುತುಗಳು. ಅದನ್ನು ಹಂಚಿದವರಲ್ಲಿ 'ನ್ಯಾಯ ಸಿಗಲಿ' ಅಂತ ಬರೆದುಕೊಂಡವರೂ ಇದ್ದರು.

ಸಂತ್ರಸ್ತರು ತಾವೇ ಹೆಸರು ಹೇಳುವುದು ಬೇರೆ ವಿಷಯ ಅನ್ನೋದನ್ನೂ ಇಲ್ಲೇ ಹೇಳಬೇಕು. ಪತ್ರಕರ್ತೆ ಪ್ರಿಯಾ ರಮಣಿ ಅವರು ಎಂ.ಜೆ. ಅಕ್ಬರ್ ಹೆಸರು ಹೇಳಿದ್ದಕ್ಕೆ ಮಾನನಷ್ಟ ಮೊಕದ್ದಮೆ ಎದುರಿಸಿದರು. 2021ರ ಫೆಬ್ರವರಿಯಲ್ಲಿ ದೆಹಲಿ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ದಶಕಗಳ ನಂತರವಾದರೂ ತನ್ನ ನೋವನ್ನು ತನಗೆ ಬೇಕಾದ ವೇದಿಕೆಯಲ್ಲಿ ಹೇಳುವ ಹಕ್ಕು ಮಹಿಳೆಗೆ ಇದೆ ಅಂದಿತು. ತನ್ನ ಅನುಭವವನ್ನು ತನ್ನ ಹೆಸರಿನಲ್ಲಿ, ಪರಿಣಾಮ ಎದುರಿಸಲು ಸಿದ್ಧಳಾಗಿ ಹೇಳುವ ಹೆಣ್ಣುಮಗಳನ್ನು, ಹೆಸರಿಲ್ಲದೆ ಫೋನಿನಲ್ಲಿ ಸುದ್ದಿ ದಾಟಿಸುವ ಅಧಿಕಾರಿಯ ಜೊತೆ ಒಂದೇ ತಕ್ಕಡಿಯಲ್ಲಿ ಇಡೋಕೆ ಆಗಲ್ಲ.

ನಮ್ಮ ಕನ್ನಡ ಏನು ಮಾಡುತ್ತೆ?

ಹೆಸರಿಗಿಂತ ಹೆಚ್ಚು ಹಾನಿ ಮಾಡುವುದು ಅದರ ಹಿಂದೆ ಮುಂದೆ ಬರುವ ಪದಗಳು. 'ಶಂಕಿತ ಉಗ್ರ' ಅನ್ನೋದನ್ನೇ ನೋಡಿ. 'ಶಂಕಿತ' ಅಂತ ಸೇರಿಸಿದರೆ ಸಂಪಾದಕರಿಗೆ ಕಾನೂನಿನ ಸಮಾಧಾನ. ಓದುಗರ ಕಣ್ಣು ನಿಲ್ಲುವುದು 'ಉಗ್ರ' ಅನ್ನೋದರ ಮೇಲೆ. 'ಕಿರಾತಕ', 'ಕಾಮುಕ', 'ಖತರ್ನಾಕ್', 'ಐನಾತಿ' ಇವಕ್ಕೆಲ್ಲ ಆ 'ಶಂಕಿತ'ವೂ ಬೇಕಿಲ್ಲ.

'ವಿಚಾರಣೆ ವೇಳೆ ಬಾಯ್ಬಿಟ್ಟಿದ್ದಾನೆ' ಅನ್ನೋದು ನಮ್ಮ ಕ್ರೈಂ ಸುದ್ದಿಯ ಖಾಯಂ ಸಾಲು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತಿಗೆ ಬಳಸುವಂತಿಲ್ಲ ಅನ್ನೋದು ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆಯಿಂದಲೂ ಇರುವ ನಿಯಮ. ಇವತ್ತಿನ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಹೊಡೆದು ಹೇಳಿಸಬಹುದು ಅನ್ನೋ ಅರಿವಿನಿಂದಲೇ ಆ ನಿಯಮ ಬಂದದ್ದು. ನ್ಯಾಯಾಧೀಶರ ಮುಂದೆ ಬೆಲೆ ಇಲ್ಲದ ಮಾತು ನಮ್ಮಲ್ಲಿ ಹೆಡ್‌ಲೈನ್ ಆಗುತ್ತದೆ.

ಇನ್ನು ಏಕವಚನ. ಬಂಧನದ ಹಿಂದಿನ ದಿನದವರೆಗೆ 'ಅವರು' ಆಗಿದ್ದ ವ್ಯಕ್ತಿ ಮಾರನೇ ದಿನ 'ಅವನು', 'ಈತ', 'ಆಕೆ' ಆಗುತ್ತಾರೆ. ಶಾಸಕ, ಸಂಸದ, ಸ್ವಾಮೀಜಿ, ಉದ್ಯಮಿ ಬಂಧನವಾದರೆ ಬಹುವಚನ ಹಾಗೇ ಉಳಿಯುತ್ತದೆ. ಯಾವ ಜಾತಿ, ಯಾವ ಧರ್ಮ, ಯಾವ ವರ್ಗದವರು 'ಅವನು' ಆಗುತ್ತಾರೆ ಅಂತ ಒಂದು ವಾರ ಗಮನಿಸಿ ನೋಡಿ. ತೀರ್ಪು ಬರುವ ಮೊದಲೇ ವ್ಯಾಕರಣದಲ್ಲಿ ಶಿಕ್ಷೆ ಆಗಿರುತ್ತದೆ. ಈ ಲೇಖನದಲ್ಲೂ ನಾನು ಮೇಲೆ ಕೂಲಿಕಾರ್ಮಿಕನ ಮಗನಿಗೆ 'ಅವನು' ಅಂತಲೇ ಬರೆದೆ, ರಾಜಕಾರಣಿಗಳಿಗೆ 'ಅವರು' ಅಂದೆ. ಅಭ್ಯಾಸ ಅಷ್ಟು ಆಳಕ್ಕೆ ಇಳಿದಿದೆ.

ಈಗ ನಮ್ಮ ಫೋನಿಗೆ ಬರೋಣ

ಇದೆಲ್ಲ ಟಿವಿಯವರ ಪಾಪ ಅಂತ ಕೈತೊಳೆದುಕೊಳ್ಳೋಕೆ ಆಗಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಕಾರಣ. 'ಮಕ್ಕಳ ಕಳ್ಳರು' ಅನ್ನುವ ವಾಟ್ಸ್ಆ್ಯಪ್ ಸಂದೇಶ ಕಾರಿಗಿಂತ ಮುಂದೆ ಹೋಗಿ ರಸ್ತೆಗೆ ಅಡ್ಡ ನಿಂತಿತ್ತು. ಅಲ್ಲಿ ಎಫ್ಐಆರ್ ಕೂಡ ಇರಲಿಲ್ಲ, ಅನುಮಾನ ಮತ್ತು ಫಾರ್ವರ್ಡ್ ಬಟನ್ ಇತ್ತು.

ನಾವು ರಾಜಕೀಯ ಪ್ರಜ್ಞೆ ಇರುವವರು, ಅಂಥ ಫಾರ್ವರ್ಡ್ ಮಾಡಲ್ಲ ಅಂದುಕೊಳ್ಳಬಹುದು. ಆದರೆ ನಮಗಾಗದ ಪಕ್ಷದ ನಾಯಕರಿಗೆ ಇ.ಡಿ. ನೋಟಿಸ್ ಬಂದರೆ 'ಕಳ್ಳ ಸಿಕ್ಕಿಬಿದ್ದ' ಅಂತ ಸ್ಟೇಟಸ್ ಹಾಕುವವರು, ನಮ್ಮ ನಾಯಕರಿಗೆ ಬಂದರೆ 'ಸೇಡಿನ ರಾಜಕಾರಣ' ಅನ್ನುವವರು ನಾವೇ ಅಲ್ವಾ? ಒಬ್ಬ ಹೋರಾಟಗಾರನ ಬಂಧನವಾದಾಗ ಸಂವಿಧಾನದ 21ನೇ ವಿಧಿ ನೆನಪಾಗುತ್ತೆ. ಎದುರು ಪಾಳೆಯದ ಪುಂಡನೊಬ್ಬ ಸಿಕ್ಕಿಬಿದ್ದಾಗ ಅವನ ಮನೆ ವಿಳಾಸ ಹಂಚುವ ಪೋಸ್ಟಿಗೆ ಲೈಕ್ ಒತ್ತುತ್ತೀವಿ. ತತ್ವ ಅನ್ನೋದು ನಮಗಾಗದವರಿಗೂ ಅನ್ವಯಿಸದಿದ್ದರೆ ನಮಗೆ ಬೇಕಾದಾಗ ಅದು ಕೆಲಸಕ್ಕೆ ಬರಲ್ಲ.

ಹೆಸರು ಹಾಕುವ ಮೊದಲು ಐದು ಪ್ರಶ್ನೆ

ಪತ್ರಕರ್ತರಿಗಾಗಲಿ, ಪೋಸ್ಟ್ ಹಾಕುವ ನಮಗಾಗಲಿ, ಇವಿಷ್ಟನ್ನು ಕೇಳಿಕೊಳ್ಳೋದು ಕಷ್ಟವಲ್ಲ.

1. ಹೆಸರು ಕೊಟ್ಟವರು ಯಾರು? ಅವರು ತಮ್ಮ ಹೆಸರಿನಲ್ಲಿ ಹೇಳಲು ಸಿದ್ಧರಿದ್ದಾರಾ? ಅಧಿಕಾರಿಯ ಹೆಸರು ಗುಟ್ಟು, ಆರೋಪಿಯ ಹೆಸರು ಬಹಿರಂಗ ಅಂತಾದರೆ ಅಲ್ಲೇ ನಿಲ್ಲಬೇಕು.

2. ಈಗ ಯಾವ ಮೆಟ್ಟಿಲು? ದೂರು, ಎಫ್ಐಆರ್, ಬಂಧನ, ಆರೋಪ ಪಟ್ಟಿ, ಯಾವುದು? ಅದನ್ನು ಮೊದಲ ಸಾಲಿನಲ್ಲೇ ಹೇಳಿದ್ದೀವಾ?

3. ಈ ಹೆಸರು ತಿಳಿದರೆ ಜನರಿಗೆ ಏನು ಉಪಯೋಗ? ಆ ವ್ಯಕ್ತಿ ಅಧಿಕಾರ ಸ್ಥಾನದಲ್ಲಿದ್ದಾರಾ, ಪರಾರಿಯಾಗಿದ್ದಾರಾ, ಬೇರೆ ಸಂತ್ರಸ್ತರು ಇರಬಹುದಾ, ಕಸ್ಟಡಿಯಲ್ಲಿ ಜೀವಕ್ಕೆ ಅಪಾಯ ಇದೆಯಾ? ಇವು ಯಾವುದೂ ಅಲ್ಲದೆ ಬರೀ ಕುತೂಹಲ ಆದರೆ ಹೆಸರಿಲ್ಲದೆಯೂ ಸುದ್ದಿ ಬರೆಯಬಹುದು.

4. ಹೆಸರಿನ ಜೊತೆ ಇನ್ನೇನು ಹೋಗುತ್ತಿದೆ? ತಂಗಿಯ ಫೋಟೊ, ಅಪ್ಪನ ಅಂಗಡಿ, ಮನೆಯ ಬೀದಿ, ಧರ್ಮ? ಆರೋಪಕ್ಕೂ ಅದಕ್ಕೂ ಸಂಬಂಧ ಏನು? ಆ ವ್ಯಕ್ತಿಯ, ಇಲ್ಲವೇ ಅವರ ವಕೀಲರ ಮಾತು ಕೇಳಿದ್ದೀವಾ?

5. ಕೊನೆಯವರೆಗೆ ಜೊತೆಗಿರುತ್ತೀವಾ? ಬಿ ರಿಪೋರ್ಟ್ ಆದರೆ, ಆರೋಪ ಪಟ್ಟಿಯಿಂದ ಹೆಸರು ಬಿಟ್ಟುಹೋದರೆ, ಖುಲಾಸೆಯಾದರೆ ಹಳೆಯ ಸುದ್ದಿಯ ಮೇಲ್ಗಡೆಯೇ ಅದನ್ನು ಸೇರಿಸುತ್ತೀವಾ?

ಇವುಗಳಲ್ಲಿ ಐದನೆಯದೇ ನಮ್ಮ ಕೈಯಲ್ಲಿ ತಕ್ಷಣ ಇರುವುದು. ಕಾಯ್ದೆ ತಿದ್ದುಪಡಿ, ಪೊಲೀಸ್ ಕೈಪಿಡಿ ಬರೋವರೆಗೆ ಕಾಯಬೇಕಿಲ್ಲ. ಡಿಜಿಟಲ್ ಸುದ್ದಿತಾಣಗಳಿಗೆ ಅದು ಇನ್ನೂ ಸುಲಭ, ಯಾಕಂದ್ರೆ ನಮ್ಮ ಹಳೆಯ ಪುಟ ರದ್ದಿ ಅಂಗಡಿಗೆ ಹೋಗಲ್ಲ. ಹತ್ತು ವರ್ಷ ಕಳೆದರೂ ಕೆಲಸ ಕೇಳಲು ಹೋದವರ, ಮದುವೆಗೆ ಹೆಣ್ಣು ನೋಡಲು ಹೋದವರ, ಬಾಡಿಗೆ ಮನೆ ಹುಡುಕಲು ಹೋದವರ ಹೆಸರು ಹುಡುಕಿದರೆ ಮೊದಲು ಸಿಗುವುದು ಆ ಬಂಧನದ ಸುದ್ದಿ. ಬಿಡುಗಡೆಯ ಸುದ್ದಿ ಬಂದೇ ಇರಲ್ಲ, ಬಂದಿದ್ದರೂ ಎರಡನೇ ಪುಟದಲ್ಲಿ ಎಲ್ಲೋ ಇರುತ್ತದೆ.

ಇವತ್ತು ಒಂದು ಕೆಲಸ ಮಾಡಿ. ಕಳೆದ ವರ್ಷ ನೀವು ಸಿಟ್ಟಿನಲ್ಲಿ ಹಂಚಿಕೊಂಡ ಒಂದು ಬಂಧನದ ಸುದ್ದಿಯನ್ನು ನಿಮ್ಮ ಟೈಮ್‌ಲೈನಿನಲ್ಲಿ ಹುಡುಕಿ. ಆ ಕೇಸ್ ಈಗ ಯಾವ ಮೆಟ್ಟಿಲಲ್ಲಿದೆ ಅಂತ ನೋಡಿ. ಆ ವ್ಯಕ್ತಿಯ ಮೇಲೆ ಆರೋಪವೇ ಬರದಿದ್ದರೆ, ಅದನ್ನೂ ಅದೇ ಪೋಸ್ಟಿನ ಕೆಳಗೆ ಬರೆಯಿರಿ.